ಟಾರ್ಚು ಹಿಡಿಯುವವನು

ನನ್ನ ಕೆಲಸ ಟಾರ್ಚು ಹಿಡಿಯುವುದು.
ಇನ್ನೂ ಸ್ವಲ್ಪ ಎಡಕ್ಕೆ, ಅನ್ನುತ್ತಾಳೆ ಜಸಿಂತ,
ನನ್ನ ಕಣ್ಣಿಗಲ್ಲ ಮಾರಾಯಾ, ಕಾರ್ಬುರೇಟರಿಗೆ.

ಸೀಬ್‌ನ ಒಂದು ಖರ್ಜೂರದ ತೋಟದಲ್ಲಿ
ಆಡಿನ ಮೇವಿನ ಮೂಟೆಗಳಡಿ ಸಿಕ್ಕಿದ ಹೋಂಡಾ ಇದು,
ಎಂಬತ್ತೊಂದರ ಮಾಡೆಲ್ಲು.
ನೂರಿಪ್ಪತ್ತು ರಿಯಾಲ್ ಅಂದ ನಾಸರಜ್ಜ.
ಇವಳು ಕಿಕ್ ಒತ್ತಿದಳು, ಅದು ಒಂದಿಂಚೂ ಇಳಿಯಲಿಲ್ಲ;
ಇಳಿದದ್ದು ಅಜ್ಜ, ಎಂಬತ್ತಕ್ಕೆ.
ಮನೆಗೆ ತಂದು ಸೈಲೆನ್ಸರ್ ಬಗ್ಗಿಸಿದರೆ ಮೊದಲು ಮರಳು,
ಆಮೇಲೆ ಒಣಗಿದ ಹಲ್ಲಿ,
ಆಮೇಲೆ ಯಾವ ಮಗು ಎಂದು ಹಾಕಿತ್ತೋ,
ಮೂರು ಗೋಲಿ.

ವಾದಿ ಕಬೀರಿನಲ್ಲಿ ನಮ್ಮದು ಕೆಳಮನೆ,
ಕಾರು ನಿಲ್ಲಿಸಲು ತಗಡಿನ ಚಪ್ಪರ.
ಹಗಲು ಸ್ಪ್ಯಾನರು ಮುಟ್ಟಿದರೆ
ಅಂಗೈಯಲ್ಲಿ ಹದಿನಾಲ್ಕು ಎಂದು ಬರೆ ಬೀಳುತ್ತದೆ.
ಹಾಗಾಗಿ ರಾತ್ರಿ ಹತ್ತರ ಮೇಲೆ, ಅವಳ ಡ್ಯೂಟಿ ಮುಗಿದು,
ಎದುರಿನ ಬೋಳುಗುಡ್ಡ ಹಗಲ ಕಾವನ್ನು
ಇನ್ನೂ ಉಗುಳುತ್ತಿರುವಾಗ.

ಅವಳು ಡಯಾಲಿಸಿಸ್ ವಾರ್ಡಿನವಳು.
ನಳಿಗೆ, ಪಂಪು, ಫಿಲ್ಟರು, ಒತ್ತಡ
ಯಾವುದಕ್ಕೂ ಹೆದರಿಕೆಯಿಲ್ಲ.
ಸೂಜಿಯಿಲ್ಲದ ಸಿರಿಂಜಿನಲ್ಲಿ ಜೆಟ್ಟಿಗೆ ಸೀಮೆಎಣ್ಣೆ ಬಿಟ್ಟು
ಕತ್ತು ಓರೆ ಮಾಡಿ ಕಾಯುತ್ತಾಳೆ.
ನೆತ್ತರಾದರೇನು, ಪೆಟ್ರೋಲಾದರೇನು,
ನಡುವೆ ಗಾಳಿಗುಳ್ಳೆ ಬರಬಾರದು.

ನಾನು ಲೆಕ್ಕದವನು. ಟೈಲ್ಸ್ ಕಂಪೆನಿಯಲ್ಲಿ ಹದಿನೇಳು ವರ್ಷದಿಂದ
ಊರವರ ಬಾಕಿಯೆಲ್ಲ ನನ್ನ ಕೈಬರಹದಲ್ಲಿದೆ.
ಇದಕ್ಕೂ ಒಂದು ನೋಟ್‌ಬುಕ್ಕು:
ಪಿಸ್ಟನ್ ರಿಂಗು, ಹದಿನಾರು ರಿಯಾಲ್ ಐನೂರು ಬೈಸಾ.
ಚೈನು, ಬಲೂಚಿಯ ಅಂಗಡಿಯಲ್ಲಿ, ಒಂಬತ್ತು. ಕರಕ್ ಚಹಾ ಅವನದೇ.
ಟ್ಯಾಂಕಿನ ಬಣ್ಣ. ಇಲ್ಲಿ ಜಗಳ.
ನಾನು ಕಪ್ಪೆಂದೆ. ಅವಳಿಗೆ ಪುನರ್ಪುಳಿ ಶರಬತ್ತಿನ ಬಣ್ಣವೇ ಆಗಬೇಕು.
ಪೇಂಟಿನ ಬಾಂಗ್ಲಾ ಹುಡುಗನಿಗೆ ಅದನ್ನು ಹೇಗೆ ವಿವರಿಸುವುದು?
ಊರಿಂದ ಬಂದ ಬಾಟಲಿಯನ್ನೇ ಒಯ್ದಳು.
ಅವನು ಒಂದು ಲೋಟ ಕುಡಿದು, ನಾಲಿಗೆ ಚಪ್ಪರಿಸಿ,
ಬಣ್ಣ ಕಲೆಸಿದ.

ಎಸಿಯ ನೀರಿಗೆ ಬಕೆಟ್ಟಿಟ್ಟಿದ್ದೇವೆ.
ಅದರಲ್ಲೇ ಬೋಲ್ಟು, ಅದರಲ್ಲೇ ಅವಳ ಮೊಣಕೈ.
ಈ ಊರಲ್ಲಿ ನಮ್ಮ ಪಾಲಿನ ಮಳೆ,
ನಿಮಿಷಕ್ಕೆ ಹನ್ನೆರಡು ಹನಿ. ಎಣಿಸಿದ್ದೇನೆ.

ಉದ್ದ ಸೀಟು ತೆಗೆದಿಟ್ಟು ಗಿಡ್ಡದೊಂದು ಮಾಡಿದಳು,
ಹಿಂದುಗಡೆ ಆಮೆಯ ಬೆನ್ನಿನಂತೆ ಒಂದು ಉಬ್ಬು.
ಚಂದ ಉಂಟು, ಅಂದೆ. ನಾನೆಲ್ಲಿ ಕೂರುವುದು?
ಅವಳ ಬಾಯಲ್ಲಿ ಎರಡು ಸ್ಕ್ರೂ ಇದ್ದವು.
ಉತ್ತರ ಬರಲಿಲ್ಲ.

ತಪಾಸಣೆಯ ದಿನ ಅಧಿಕಾರಿ ಒಂದು ಸುತ್ತು ಬಂದ.
ಇಂಜಿನ್ ನಂಬರು ಸರಿ, ಬ್ರೇಕು ಸರಿ,
ಸೀಟು? ಮುಲ್ಕಿಯಾದಲ್ಲಿ ಇಬ್ಬರೆಂದಿದೆ.
ಮೂಲ್ಕಿಯ ಹೆಣ್ಣು ಮುಲ್ಕಿಯಾದೆದುರು
ತಲೆ ತಗ್ಗಿಸಿದ್ದು ಅದೊಂದೇ ಸಲ.
ಸುಳ್ಳೇಕೆ, ನನಗೆ ಒಳಗೊಳಗೇ ಖುಷಿ,
ಸರಕಾರ ನನ್ನ ಪರ!
ಮರುದಿನ ಹಳೇ ಸೀಟು ಕೂರಿಸಿ ಪಾಸು ಮಾಡಿಸಿದಳು.
ಅದೇ ರಾತ್ರಿ ಮತ್ತೆ ಟಾರ್ಚು, ಮತ್ತೆ ಹತ್ತನೇ ನಂಬರ್ ಸ್ಪ್ಯಾನರು,
ಆಮೆಬೆನ್ನು ತನ್ನ ಜಾಗಕ್ಕೆ.

ಮೂರನೇ ಕಿಕ್ಕಿಗೆ ಹಿಡಿಯಿತು,
ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ಮಾತೇ ಮಾತು.
ಮೇಲಿನ ಮನೆಯವರು ದೀಪ ಹಾಕಿದರು.
ಜಸಿಂತ ನನ್ನತ್ತ ನೋಡಲಿಲ್ಲ.
ಕ್ಲಚ್ಚು ಬಿಟ್ಟಳು.

ಕಿವಿಯಲ್ಲೇ ಹಿಂಬಾಲಿಸಿದೆ:
ಒಂದನೇ ಗೇರು, ಬೇಕರಿಯ ತಿರುವು.
ಎರಡು, ಮಸೀದಿ.
ಮೂರು, ರೌಂಡಬೌಟು, ಅಲ್ಲಿ ಸ್ವಲ್ಪ ಇಳಿಯಿತು, ಮತ್ತೆ ಏರಿತು.
ಆಮೇಲೆ ಗುಡ್ಡ ಅಡ್ಡ ಬಂತು.

ಒಟ್ಟು ಇನ್ನೂರ ಮೂವತ್ತೊಂದು ರಿಯಾಲ್.
ಗೋಲಿ ಮೂರು, ಜಮಾದ ಕಡೆಗೆ.
ಚಪ್ಪರದಡಿ ಎಣ್ಣೆಯ ಕಲೆ, ಬಕೆಟ್ಟಿಗೆ ಹನಿ.
ಗೇಟಿನಲ್ಲಿ ನಿಂತಿದ್ದೇನೆ.
ಟಾರ್ಚು ಆರಿಸಲು ಮರೆತು
ಇನ್ನೂ ಹಿಡಿದೇ ಇದ್ದೇನೆ,
ಸ್ವಲ್ಪ ಎಡಕ್ಕೆ.