ಮೊಳೆಯಿಲ್ಲದ ಗೋಡೆ

ಮೌಲ್ಯಮಾಪನಕ್ಕೆ ಬಂದವರಿಂದಲೇ
ಬಸ್‌ಸ್ಟ್ಯಾಂಡಿನ ಸುತ್ತಲ ಲಾಡ್ಜೆಲ್ಲ ಭರ್ತಿ.
ಏಪ್ರಿಲ್ಲು, ಮೇಲೆ ಮದುವೆ ಸೀಸನ್ನು.
ಸವಳಂಗ ರಸ್ತೆಯ ಒಳಗಡೆ ಒಂದಿದೆ ಮೇಡಂ,
ಒಂಬತ್ತೇ ರೂಮು, ಜಪಾನಿನ ಥರ, ಎಂದ ಆಟೋದವ,
ನಿನ್ನೆಯಷ್ಟೇ ಜಪಾನಿಗೆ ಬಾಡಿಗೆ ಹೋಗಿ ಬಂದವನ ಹಾಗೆ.

ಫೌಝಿಯಾಳ ಅಪ್ಪನ ಟೈರ್ ರಿಸೋಲಿಂಗ್ ಅಂಗಡಿ ಇತ್ತಂತೆ ಇಲ್ಲಿ.
ಒಸಾಕಾದಲ್ಲಿ ಐದು ವರ್ಷ ಓದಿ ಬಂದು
ಎಲ್ಲ ಕೆಡವಿದಳು, ನೆಲವೊಂದನ್ನು ಬಿಟ್ಟು.
ಕೌಂಟರಿನೆದುರು ಸಿಮೆಂಟಿನಲ್ಲಿ
ಲಾರಿ ಚಕ್ರದ ಕಪ್ಪು ಉಂಗುರ ಹಾಗೇ ಇದೆ.
ರಂಗೋಲಿ ತುಳಿದಂತಾದೀತೆಂದು ಸುತ್ತಿ ಹೋದೆ.
ತೆರೆದು ಎರಡು ತಿಂಗಳು, ಗಿರಾಕಿ ಕಡಿಮೆ.
ಸರ್ಕಾರ ಕೊಡುವ ಡಿ.ಎ. ಎಷ್ಟೋ ಅಷ್ಟೇ ಕೊಡಿ ಮಿಸ್, ಅಂದಳು.

ಚಪ್ಪಲಿ ಹೊರಗೆ. ಅದೇನು ನಮಗೆ ಹೊಸದಲ್ಲ.
ಕೋಣೆಗೆ ನಂಬರಿಲ್ಲ, ಬಾಗಿಲಲ್ಲಿ ಕೊರೆದ ಒಂದು ಎಲೆ.
ನಿಮ್ಮದು ಹಲಸು, ಎಂದ ತೀರ್ಥೇಶ, ನನ್ನ ಬ್ಯಾಗು ಹೊತ್ತು.
ಮೊಣಕಾಲೆತ್ತರದ ಮೇಜು, ನೆಲದ ಮೇಲೇ ಹಾಸಿಗೆ,
ಕಾಗದದ ದೀಪ. ಕಿಟಕಿಯೋ ಮೊರದಷ್ಟು:
ಬೇವಿನ ಒಂದು ಕೊಂಬೆ ಮಾತ್ರ ಕಾಣುವಂತೆ ಇಟ್ಟದ್ದು;
ಟ್ರಾನ್ಸ್‌ಫಾರ್ಮರು ಕಾಣುವುದಿಲ್ಲ,
ಗುಂಯ್ ಎನ್ನುವುದು ಕೇಳುತ್ತದೆ.
ಕಮೋಡಿನ ಪಕ್ಕ ಎಂಟು ಗುಂಡಿ. ಒಂದನ್ನು ಒತ್ತಿ
ನಾನು ಕೂಗಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಸೀರೆ ಹಿಂಡಿ ತಂದು ನೋಡುತ್ತೇನೆ,
ನಾಲ್ಕು ಗೋಡೆಗೂ ಸೇರಿ ಒಂದು ಮೊಳೆ ಇಲ್ಲ!
ಇಪ್ಪತ್ತೊಂಬತ್ತು ವರ್ಷದ ನೌಕರಿ,
ಜನಗಣತಿ, ಚುನಾವಣೆ, ತರಬೇತಿ, ಎಷ್ಟು ಊರಿನ ಎಷ್ಟು ಲಾಡ್ಜು,
ಎಲ್ಲೇ ಇರಲಿ ಯಾರೋ ಹೊಡೆದ ಮೊಳೆ,
ಯಾರೋ ಬಿಟ್ಟುಹೋದ ಕ್ಯಾಲೆಂಡರು,
ಕನ್ನಡಿಯಲ್ಲಿ ಯಾರದೋ ಸ್ಟಿಕ್ಕರ್ ಬೊಟ್ಟು.
ಇಲ್ಲಿ ಗೋಡೆಯಲ್ಲೊಂದು ಗೂಡು,
ದೇವರನ್ನಿಡುವಷ್ಟು ದೊಡ್ಡದು, ದೇವರಿಲ್ಲ.
ಒಂದು ಕುಡಿಕೆ, ಅದರಲ್ಲಿ ಒಂದು ಕಡ್ಡಿ ಲಂಟಾನ,
ನಮ್ಮ ಶಾಲೆಯ ಹಿಂದೆ ಮಕ್ಕಳ ಕೈಲಿ ಕೀಳಿಸುವ ಅದೇ.
ಉಳಿದ ಜಾಗ ಯಾತಕ್ಕೆ, ಕೇಳಿದೆ.
ಯಾತಕ್ಕೂ ಅಲ್ಲ ಮಿಸ್, ಅದಕ್ಕೆ ಅಲ್ಲಿ ಒಂದು ಹೆಸರೇ ಇದೆ, ಅಂದಳು.
ಹೆಸರು ಹೇಳಿದಳು. ಆಗಲೇ ಮರೆತೆ.

ದೀಪ ಆರಿಸಿದರೂ ಕಣ್ಣೆದುರು ಇವತ್ತಿನ ಹದಿನಾರನೇ ಪತ್ರಿಕೆ.
ಪುಟ ಪುಟಕ್ಕೂ ಸ್ಕೇಲಿಟ್ಟು ಅಂಚು ಎಳೆದಿತ್ತು,
ಪೆನ್ಸಿಲಿನಲ್ಲಿ, ಎಡಕ್ಕೆ ಎರಡು ಗೆರೆ, ಮೇಲೆ ಒಂದು,
ಮೂಲೆಯಲ್ಲಿ ಒಂದೂ ಇನ್ನೊಂದನ್ನು ದಾಟಿರಲಿಲ್ಲ.
ಒಳಗೆ ಏನೂ ಇಲ್ಲ.
ಸಂದರ್ಭದೊಡನೆ ವಿವರಿಸಿ ಎಂದದ್ದಕ್ಕೆ
ಪ್ರಶ್ನೆಯ ಸಂಖ್ಯೆ ಕೂಡ ಇಲ್ಲ.
ಮೂರು ಗಂಟೆ ಕೂತು ಗೆರೆ ಎಳೆದ ಮಗು,
ಗಂಡೋ ಹೆಣ್ಣೋ, ಯಾವ ಊರಿನದೋ.
ಮಾದರಿ ಉತ್ತರದಲ್ಲಿ ಅಂಚಿಗೆ ಅಂಕವಿಲ್ಲ.
ಸೊನ್ನೆ ಬರೆದು, ಸೊನ್ನೆಗೊಂದು ಸುತ್ತು ಹಾಕಿ,
ಆಮೇಲೆ ಯಾರೂ ತುಂಬಬಾರದಲ್ಲ, ನಿಯಮ,
ಖಾಲಿ ಪುಟಕ್ಕೆಲ್ಲ ಮೂಲೆಯಿಂದ ಮೂಲೆಗೆ
ಕೆಂಪು ಗೆರೆ ಹೊಡೆದೆ.

ಈ ಕೋಣೆಯ ದರ ಬೋರ್ಡಿನಲ್ಲಿ ನೋಡಿದೆ:
ರಾತ್ರಿಗೆ ನಾಲ್ಕು ಸಾವಿರ.

ಎದ್ದು ಬ್ಯಾಗಿನ ತಳದಿಂದ ನೈಲಾನ್ ಹಗ್ಗ ತೆಗೆದೆ.
ಕಿಟಕಿಯ ಚಿಲಕಕ್ಕೊಂದು ಗಂಟು, ಬಚ್ಚಲ ಹಿಡಿಗೊಂದು,
ಕೋಣೆಯ ನಡುವೆ ಓರೆಯಾಗಿ, ಬಿಗಿಯಾಗಿ.
ಸೀರೆ ಹರವಿ, ಅದರ ಕೆಳಗೆ ಮಲಗಿದೆ.
ಚಾಪೆಯ ಮೇಲೆ ತೊಟ್ಟು. ಸ್ವಲ್ಪ ತಡೆದು ಇನ್ನೊಂದು ತೊಟ್ಟು.

ಬೆಳಗ್ಗೆ ಟೀ ತಂದ ತೀರ್ಥೇಶ
ಸೆರಗಿನಡಿ ಬಗ್ಗಿ ಬಂದ, ಬಗ್ಗಿ ಹೋದ.
ಹಿಂದೆಯೇ ಫೌಝಿಯಾ. ಬೈತಾಳೆ ಅಂದುಕೊಂಡೆ.
ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿದಳು,
ಗಾಂಧಿಬಜಾರಿನದಾ ಮಿಸ್?
ಅಲ್ಲಮ್ಮ, ಕಡೂರಿನದು.
ಇನ್ನೂ ನಾಲ್ಕು ದಿನ ಇರ್ತೀರಲ್ಲ, ಇರಲಿ ಬಿಡಿ, ಅಂದಳು,
ಅಂದು, ಕಿಟಕಿಯನ್ನು ಒಂದು ಗೇಣು ತೆರೆದು ಹೋದಳು, ಗಾಳಿಗೆ.

ಜೈಲ್ ಸರ್ಕಲ್ ದಾಟಿದ ಮೇಲೆ ನೆನಪಾಯಿತು,
ಕೆಂಪು ಪೆನ್ನಿನ ಕ್ಯಾಪು
ಆ ಗೂಡಿನಲ್ಲೇ, ಕುಡಿಕೆಯ ಪಕ್ಕ, ಬಿಟ್ಟು ಬಂದಿದ್ದೇನೆ.
ತಿರುಗಿ ಹೋಗಲು ಹೊತ್ತಿಲ್ಲ.
ಪೆನ್ನು ಒಣಗುವುದರೊಳಗೆ ಇಪ್ಪತ್ತು ಮುಗಿಸಬೇಕು.