ನಿನಗ ಹೆಂಗ ಗೊತ್ತು?

ಬೀಳಗಿ ಐಬಿಯೊಳಗ ನಾವು ಹನ್ನೊಂದು ಮಂದಿ ಗಾರ್ಡು,
ಖಾಕಿ ಇಸ್ತ್ರಿ ಮುರೀದಂಗ ಕುರ್ಚಿ ತುದೀಗೆ ಕುಂತಿದ್ವಿ.
ಕರೆಂಟ್ ಹೋತು. ಗೋಡಿ ಮ್ಯಾಲಿನ ಗ್ರಾಫು
ಒಂದ ಜಿಗಿತಕ್ಕ ಮಾಯ.
ಜೈನಾಬಿ ಮುಲ್ಲಾ ಮೇಡಂ ಲ್ಯಾಪ್‌ಟಾಪ್ ಮುಚ್ಚಿ
"ಬರ್ರಿ ಹೊರಗ" ಅಂದ್ರು.

ಯಡಹಳ್ಳಿ ಗುಡ್ಡದ ಕುರುಚಲು ನಡುವ
ಕಂಬಳಿ ಹಾಸುವಷ್ಟು ಬಯಲು, ಕರೀ ಹಿಕ್ಕಿ ರಾಶಿ.
"ಇದ ನನ್ನ ನಾಕು ವರ್ಷದ ಪಿಎಚ್‌ಡಿ" ಅಂತ
ಒಂದನ್ನ ಒಡದು ಮೂಗಿಗೆ ಹಿಡದ್ರು.
ನಾವೆಲ್ಲ ನಕ್ವಿ. ಪರಸಪ್ಪ ನಗಲಿಲ್ಲ;
ಕುರಿ ಕಾಯ್ದಾಂವ, ಹಿಕ್ಕಿ ನೋಡಿ ಹೊಟ್ಟಿ ಸುದ್ದಿ ಹೇಳಾಂವ.
"ಬಾರಿಹಣ್ಣು ತಿಂದೈತ್ರಿ, ನಿನ್ನಿ ಸಂಜೀಕ."
ಮೇಡಂ ಪೆನ್ಸಿಲ್ ನಿಂತ್ತು, ಆಮ್ಯಾಲ ಓಡಿತು.

ಎರಡನೇ ದಿನ, ಬಂದವರಿಗೆ ಹೇಳೋದು ಹೆಂಗ ಅಂತ ಪಾಠ.
ನಾ ಎದ್ದು ಒಪ್ಪಿಸಿದೆ:
"ಗಜೆಲ್ಲಾ ಬೆನ್ನೆಟ್ಟಿ, ಆವಾಸಸ್ಥಾನ, ಜೀವವೈವಿಧ್ಯ..."
ಸಾಲಿ ಧ್ವಜಗಂಬದಂಗ ನೆಟ್ಟಗ.
"ಶಿವಲೀಲಾ, ಇದನ್ನ ನಿಮ್ಮ ಅತ್ತೀ ಮುಂದ ಹೇಳ್ರಿ."
ನಮ್ಮತ್ತಿ! ಮಳಿ ಬರ್ತೈತಿ ಅಂದ್ರೂ ಆಕಿ ಕೇಳೋದು ಒಂದ:
"ನಿನಗ ಹೆಂಗ ಗೊತ್ತು?"
ಕುಂತುಬಿಟ್ಟೆ.

ಹೆಂಗ ಗೊತ್ತು ಅಂದ್ರ,
ನಸುಕಿನ್ಯಾಗ ಎರಡು ಕಿಲೋಮೀಟರ್ ಮಾತಿಲ್ಲದ ನಡದು,
ಮುಳ್ಳು ಚುಚ್ಚಿದ್ರ "ಅಯ್ಯ" ಅನ್ನೋದನ್ನೂ ನುಂಗಿ,
ಕಂಡದ್ದಷ್ಟ ಬರದು
ಕಾಣದ್ದಕ್ಕ ಜಾಗಾ ಬಿಡೋದು.
ಆ ಖಾಲಿ ಜಾಗಾನೂ ಲೆಕ್ಕಾನ ಅಂತ
ತಿಳೀಲಿಕ್ಕೆ ನನಗ ಮೂರು ವಾರ ಹಿಡೀತು.

ಒಂದು ಐತವಾರ ರಬಕವಿಯಿಂದ ಟೆಂಪೊ ಬಂತು,
ಮಗ್ಗದ ಮನಿಗಳ ಹುಡುಗ್ರು, ದೊಡ್ಡವರು, ಬುತ್ತಿ ಗಂಟು.
ಸುಡುಬಿಸಿಲು. ಒಂದೂ ಚಿಂಕಾರ ಕಾಣಲಿಲ್ಲ.
"ಒಟ್ಟ ಎಷ್ಟ ಅದಾವ್ರೀ?"
"ಸಾವಿರಾರು! ಚಿರತೀನೂ ಐತಿ!"
ಹಿಂದೆಲ್ಲ ಹಂಗ ಹೇಳಿ ಚಪ್ಪಾಳಿ ಗಳಿಸಾಕಿ ನಾನು.
ಆವತ್ತು ಹೇಳಿದೆ: "ಇಷ್ಟರಿಂದ ಇಷ್ಟರ ನಡುವ.
ನಡುವ ಎಲ್ಲಿ ಅಂದ್ರ, ಇನ್ನೂ ಗೊತ್ತಿಲ್ಲ."
"ಸರ್ಕಾರಿ ಪಗಾರ ತಿಂದು ಗೊತ್ತಿಲ್ಲಂತ!"
ಒಬ್ಬಾಂವ ನಕ್ಕ. ನನ್ನ ಕಿವಿ ಬೆಚ್ಚಗಾತು.

ಎರಡು ಜಡೀ ಹುಡುಗಿ ಮಾತ್ರ ಕುಕ್ಕರಗಾಲಿಲೆ ಕುಂತು
ಹಿಕ್ಕಿ ಒಡದು ಮೂಗಿಗೆ ಹಿಡದ್ಲು.
"ದಿನಾ ನೀರು ಕುಡೀಲಿಕ್ಕೇ ಬೇಕಂತಿಲ್ಲ ಅಂದ್ರಿ.
ನಿಮಗ ಹೆಂಗ ಗೊತ್ತು?"

ನಮ್ಮತ್ತಿ ದನಿ, ಹತ್ತು ವರ್ಷದ ಬಾಯಾಗ.
ಎಲಿ ಮ್ಯಾಲಿನ ಇಬ್ಬನಿಯಿಂದ ಸುರು ಮಾಡಿದೆ,
ಅರ್ಧಕ್ಕ ಟೆಂಪೊ ಹಾರ್ನ್ ಹೊಡೀತು.
ಆಕಿ ಎದ್ದು, ಕಂಪಾಸ್ ಡಬ್ಬಿ ತಗದು,
ಒಂದು ಹಿಕ್ಕಿ ಒಳಗಿಟ್ಟು ಟಕ್ಕನ ಮುಚ್ಚಿದ್ಲು.
ಇಲ್ಲಿಂದ ಏನೂ ಒಯ್ಯಂಗಿಲ್ಲ, ಕಾಯ್ದೆ.
ನಾ ಗುಡ್ಡದ ಕಡಿ ನೋಡಿದೆ.