ಐದರಿಂದ ಒಂಬತ್ತು

ಶಿವಾಜಿನಗರದ ಆಫೀಸಿನ್ಯಾಗ
ಹಳೇ ರಿಜಿಸ್ಟರಿನ ಮಳಿ ಟೈಪ್ ಮಾಡೂದು ನನ್ನ ಕೆಲಸ.
ಹನ್ನೆರಡು ತಿಂಗಳು, ಹನ್ನೆರಡು ಅಂಕಿ, ಒಂದ ಸಾಲು.
ಆ ಸಾಲಿಗೆ ‘ಮಳಿ’ ಅಂತ ಕನ್ನಡದಾಗ ಹೆಸರಿಟ್ಟೆ;
ಯಂತ್ರ ಒಲ್ಲೆ ಅನಲಿಲ್ಲ.

ಕಲಿಸಾಂವ ನಿನಾದ ಗೋಡಬೋಲೆ,
ನನ್ನ ಮಗಳಿಗಿಂತ ಸಣ್ಣಾಂವ.
“ಜನವರಿ ಸೊನ್ನೆ, ಮಾವಶಿ,” ಅಂದ.
ಸೊನ್ನಿಗೂ ಒಂದು ಮನಿ ಐತಿ ಅಂದಂಗಾತು.
ಮಳಿ[5:9]
ಜೂನ್ ಬಂತು, ಜುಲೈ ಬಂತು,
ಆಗಸ್ಟ್, ಸಪ್ಟೆಂಬರ್. ಅಷ್ಟ.
ಒಂಬತ್ತು ಎಲ್ಲಿ?
ಹೊಸ್ತಿಲತನಕ ಬಂದು
ಚಪ್ಪಲಿ ಬಿಡದ ನಿಂತ ಬೀಗರಂಗ
ಒಂಬತ್ತು ಹೊರಗ.

ಆ ತುಂಡಿಗೆ ‘ಮುಂಗಾರು’ ಅಂದೆ.
ಮಧ್ಯಾಹ್ನ ಎಲ್ಲಾರೂ ಚಾಕ್ಕ ಹೋದಾಗ
ಸುಮ್ಮ ನೋಡೂಣಂತ
ಮುಂಗಾರು[1] = 0 ಬರದೆ.
ತಿರುಗಿ ಮಳಿ ತಗದ್ರ
ಅಲ್ಲೂ ಜುಲೈ ಒಣಗಿ ಕುಂತಿತ್ತು.
ಹೊರಗ ಮುಠಾ ಹೊಳಿ ಕೆಂಪಗ ಏರತಿತ್ತು.

ಅಂಜಿ ಕರದೆ. ನಿನಾದ ನಕ್ಕ:
“ನೀವು ಭಾಕರಿ ಮುರದಿಲ್ಲ, ಮಾವಶಿ,
ಕಿಟಕಿ ತಗದೀರಿ.
ಕಿಟಕ್ಯಾಗ ಕೈ ಹಾಕಿದ್ರ ಒಳಗಿಂದ ಕೈಗೆ ಬರತದ.
ಬ್ಯಾರೆ ಬೇಕಂದ್ರ ಕಾಪಿ ಅಂತ
ಬಾಯಿಬಿಟ್ಟು ಕೇಳಬೇಕು.”

ರಿಜಿಸ್ಟರ್ ಮತ್ತ ಬಿಚ್ಚಿದೆ.
ಜುಲೈ: 201.4
ನಾಕರ ಕಾಲು ನೀರಿಗೆ ಹಬ್ಬಿತ್ತು.
ಬರದಾಂವ ಯಾರೋ,
ಅಳಿಯೂ ಪಾತ್ರಿ ಹಿಡಕೊಂಡು ಓಡಿ ಬಂದಾಂವ,
ಕೈ ಒರಸಿಕೊಂಡಿರಲಿಕ್ಕಿಲ್ಲ.

ಆ ಅಂಕಿನ ಅದರ ಮನ್ಯಾಗ ಮತ್ತ ಇಟ್ಟೆ:
ಆರನೇದ್ದು.
ಅಂದ್ರ ಏಳನೇದ್ದು.